ಸಪ್ಪೆ ಊಟದ ನಲವತ್ತಮೂರು ದಿನ

ಗುಡಿಯ ಪೂಜಾರಿ ತಮ್ಮಡಿಯವರು ಅಮ್ಮನ ಶಿಲೆಯ ಎರಡು ಭುಜಕ್ಕೂ ಒಂದೊಂದು ಒದ್ದೆ ಕಣಗಿಲೆ ಹೂ ಅಂಟಿಸಿ ಹಿಂದಕ್ಕೆ ಸರಿದು ಕೂತರು. ಬಲದ ಹೂ ಮೊದಲು ಬಿದ್ದರೆ ನನ್ನ ರೋಗಿಯ ಮಾತ್ರೆ ಮುಂದುವರಿಯುತ್ತದೆ, ಎಡದ್ದು ಬಿದ್ದರೆ ನಿಲ್ಲುತ್ತದೆ. ಗುಡಿಯೊಳಗೆ ನಾವು ಏಳೆಂಟು ಜನ ಇದ್ದೆವು. ಯಾರೂ ಕೆಮ್ಮುವ ಹಾಗಿರಲಿಲ್ಲ. ನಾನು ನಾಲ್ಕು ವರ್ಷ ನರ್ಸಿಂಗ್ ಓದಿ, ಅದರ ಮೇಲೆ ಮಾನಸಿಕ ರೋಗಿಗಳ ಶುಶ್ರೂಷೆಗೆಂದೇ ಇನ್ನೊಂದು ವರ್ಷ ಓದಿದವಳು. ಆದರೂ ಆ ಹತ್ತು ನಿಮಿಷ ಬಲಕ್ಕೆ ಬೀಳು, ಬಲಕ್ಕೆ ಬೀಳು ಎಂದು ಮನಸ್ಸಿನಲ್ಲೇ ಹೂವನ್ನು ಬೇಡಿಕೊಂಡೆ. ಬಲಕ್ಕೇ ಬಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಮುಖದಲ್ಲಿ ಗೆದ್ದವಳ ಕಳೆ ಇತ್ತಂತೆ. ನಮ್ಮ ಜೀಪಿನ ಡ್ರೈವರು ಆಮೇಲೆ ಹೇಳಿದ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ನಮ್ಮದು ಒಂದು ಸಂಸ್ಥೆಯ ಸಂಚಾರಿ ಮಾನಸಿಕ ಆರೋಗ್ಯ ತಂಡ. ತಂಡ ಎಂದರೆ ಒಂದು ಜೀಪು, ಒಬ್ಬ ಡಾಕ್ಟರು, ಒಬ್ಬ ಡ್ರೈವರು, ಎರಡು ಟ್ರಂಕು ಮಾತ್ರೆ, ಜೊತೆಗೆ ನಾನು. ಸೋಮವಾರ ಕೆ.ಆರ್. ನಗರ, ಮಂಗಳವಾರ ಪಿರಿಯಾಪಟ್ಟಣ, ಬುಧವಾರ ಹುಣಸೂರು, ಗುರುವಾರ ಕೋಟೆ, ತಿಂಗಳಿಗೆ ಎರಡು ಶುಕ್ರವಾರ ಸರಗೂರು. ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಎರಡು ಬೆಂಚು, ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದೆವು. ಈ ಕಥೆಯ ಊರು ಹೊಗೆಸೊಪ್ಪು ಬೆಳೆಯುವ ಸೀಮೆಯದು. ಅದಕ್ಕಿಂತ ಹೆಚ್ಚು ಗುರುತು ಹೇಳುವುದು ಬೇಡ. ಅಲ್ಲಿನ ಜನರ ತಪ್ಪು ಇದರಲ್ಲಿ ಬಹಳ ಕಡಿಮೆ.

ಆ ಊರಿನಲ್ಲಿ ಅವಳನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಮೂವತ್ತು ದಾಟಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ಓದುವ ಒಬ್ಬ ಮಗಳು. ಸುತ್ತಿನ ಮೂರು ಊರಿನ ಹೆಂಗಸರ ರವಿಕೆಗಳು ಅವಳ ಮಿಷನ್ನಿನ ಮೇಲೇ ಹೊಲಿಗೆಯಾಗುತ್ತಿದ್ದವು. ಹಿಂದಿನ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ವಾರ ಅವಳು ನಿದ್ದೆಯನ್ನೇ ಮಾಡಲಿಲ್ಲ. ಹೊಲಿಯುತ್ತಲೇ ಇದ್ದಳು, ಮಾತಾಡುತ್ತಲೇ ಇದ್ದಳು. ಎಂಟನೇ ದಿನ ಯಾರದೋ ಮದುವೆಯ ರೇಷ್ಮೆ ಸೀರೆಯನ್ನು ಕತ್ತರಿಸಿ ಅಂಗನವಾಡಿಯ ಮಕ್ಕಳಿಗೆಲ್ಲ ಲಂಗ ಹೊಲಿದು ಹಂಚಿದಳು. ಮಕ್ಕಳು ಕುಣಿದಾಡಿದವಂತೆ. ಸೀರೆಯವರು ಬಂದು ಬಾಗಿಲಲ್ಲಿ ನಿಂತರು.

ಇದಕ್ಕೆ ಆ ಒಂದೇ ಮನೆಯಲ್ಲಿ ಮೂರು ವಿವರಣೆ ಇದ್ದವು. ಗಂಡನ ಪ್ರಕಾರ ಬ್ಯಾರನ್ನಿನ ಕಾವು ತಲೆಗೇರಿತ್ತು. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಕೋಣೆಯ ಬಾಗಿಲಲ್ಲಿ ಕೂತು ಅವಳು ಎರಡು ತಿಂಗಳು ಕಡ್ಡಿಗೆ ಸೊಪ್ಪು ಕಟ್ಟಿದ್ದಳು. ಅತ್ತೆಯ ಪ್ರಕಾರ ಮೂರು ದಾರಿ ಸೇರುವ ಕಡೆ ಮಾಟ ಕಳೆಯಲು ಯಾರೋ ಒಡೆಸಿದ್ದ ತಡೆಯನ್ನು ನೋಡದೆ ದಾಟಿದ್ದಳು. ಓರಗಿತ್ತಿಯ ಪ್ರಕಾರ ಹೆಣ್ಣಿನ ಕೈಯಲ್ಲಿ ಸ್ವಂತ ದುಡಿಮೆ ಆಡಿದರೆ ಆಗುವುದೇ ಇದು. ನಮ್ಮ ಡಾಕ್ಟರು ಫೈಲಿನಲ್ಲಿ ನಾಲ್ಕನೆಯದನ್ನು ಬರೆದರು, ಬೈಪೋಲಾರ್ ಕಾಯಿಲೆ ಎಂದು. ನಿದ್ದೆ ಕಡಿಮೆಯಾಗಿ ಹುರುಪು ಉಕ್ಕುವ ಕಾಲವೊಂದು, ಎಲ್ಲ ಕುಸಿದು ಮೂಲೆ ಸೇರುವ ಕಾಲ ಇನ್ನೊಂದು. ಮೆದುಳಿನಲ್ಲಿ ಏನೋ ಏರುಪೇರು ಎಂದು ನಾನು ಗಂಡನಿಗೆ ವಿವರಿಸಿದೆ. ಅವನು ಎಲ್ಲ ಕೇಳಿ, ಅದು ಕಾವಿಂದಲೇ ಅಲ್ಲವಾ ಮೇಡಂ ಎಂದ. ಅಲ್ಲ ಎನ್ನಲು ನನ್ನ ಹತ್ತಿರ ಖಚಿತವಾದದ್ದೇನೂ ಇರಲಿಲ್ಲ. ನಿದ್ದೆಗೆಟ್ಟರೆ ಆ ಕಾಯಿಲೆ ಕೆರಳುತ್ತದೆ, ಬ್ಯಾರನ್ ಉರಿಯುವ ಕಾಲದಲ್ಲಿ ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ.

ನಾಲ್ಕು ತಿಂಗಳು ಅಂತ್ರದ ತಾಯತ, ತಡೆ, ತಲೆಗೆ ಹರಳೆಣ್ಣೆ ಎಲ್ಲ ಆದ ಮೇಲೆ ಅವಳು ನಮ್ಮ ಬೆಂಚಿಗೆ ಬಂದಳು. ಸ್ವಲ್ಪ ಸುಧಾರಿಸಿದಳು. ಮಾತ್ರೆಯಿಂದ ದಿನವಿಡೀ ಮಂಪರು ಎಂದು ಒಂದು ದಿನ ನುಂಗಿ ಎರಡು ದಿನ ಬಿಟ್ಟಳು. ಮಳೆಗಾಲದ ಶುರುವಿಗೆ ಮತ್ತೆ ಹುಚ್ಚು ಹುರುಪು ಏರಿತು. ಆಗ ಅವಳ ಅಣ್ಣಂದಿರನ್ನು ಕರೆಸಿ ಮನೆಯ ಹಿರಿಯರು ಪಂಚಾಯ್ತಿ ಮಾಡಿದರು. ಇದೊಂದು ಸಲ ನೋಡುವುದು, ಇವಳು ಹಿಂದಿನ ಹಾಗೆ ಕೆಲಸಕ್ಕೆ ಕೂತರೆ ಸರಿ, ಇಲ್ಲದಿದ್ದರೆ ತವರಿಗೆ ಕರೆದುಕೊಂಡು ಹೋಗುವುದು, ಮಗು ಇಲ್ಲೇ ಇರುವುದು. ಟೈಲರಮ್ಮ ಇದನ್ನು ನನಗೆ ಹೇಳಿದ್ದು ಬಹಳ ಸಮಾಧಾನದಿಂದ.

"ಮಿಸನ್ ಮ್ಯಾಲೆ ಕೂತು ಒಂದು ನೇರ ಹೊಲಿಗೆ ಹಾಕುದ್ರೆ ಸಾಕು ಮೇಡಂ. ವಾಸಿ ಆಗವ್ಳೆ ಅಂತ ಅವ್ರೇ ಒಪ್ಕತಾರೆ. ಅಷ್ಟು ಮಾಡ್ಕೊಡಿ."

ಅಷ್ಟು ಮಾಡಿಕೊಡಲು ಡಾಕ್ಟರು ಆರಿಸಿದ್ದು ಲಿಥಿಯಂ. ಮಂಪರು ಕಡಿಮೆ, ಸರಿಯಾಗಿ ತೆಗೆದುಕೊಂಡರೆ ಬಹಳ ಒಳ್ಳೆಯ ಮದ್ದು. ಆದರೆ ರಕ್ತದಲ್ಲಿ ಅದು ಒಂದು ಮಿತಿಯೊಳಗೆ ಇರಬೇಕು. ಸ್ವಲ್ಪ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಮೊದಲೇ ಮೂತ್ರಪಿಂಡದ ಪರೀಕ್ಷೆ ಮಾಡಿಸಿದೆವು, ಥೈರಾಯ್ಡ್ ನೋಡಿಸಿದೆವು. ಶುರು ಮಾಡಿ ಒಂದು ವಾರಕ್ಕೆ, ಹಿಂದಿನ ರಾತ್ರಿಯ ಮಾತ್ರೆಯಿಂದ ಹನ್ನೆರಡು ಗಂಟೆಗೆ ಸರಿಯಾಗಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು ಮೈಸೂರಿಗೆ ಕಳಿಸಿದೆ. ವರದಿ ಮಿತಿಯ ನಟ್ಟನಡುವೆ ಇತ್ತು. ಡಾಕ್ಟರು ನಕ್ಕರು, ಅವರು ನಗುವುದು ಅಪರೂಪ. ನಮ್ಮಲ್ಲಿ ಒಂದು ಹಳದಿ ಕಾರ್ಡಿದೆ. ಅದನ್ನು ನಾನೇ ಓದಿ ಹೇಳಿ ಟೈಲರಮ್ಮನ ಕೈಗೆ ಕೊಟ್ಟೆ. ನೀರು ಚೆನ್ನಾಗಿ ಕುಡಿಯಿರಿ. ವಾಂತಿ ಭೇದಿಯಾದರೆ ಮಾತ್ರೆ ನಿಲ್ಲಿಸಿ ಬನ್ನಿ. ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಊಟದಲ್ಲಿ ಉಪ್ಪು ಬಿಡಬೇಡಿ. ಅವಳು ಏಳನೇ ಕ್ಲಾಸು ಓದಿದ್ದಳು. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ತಾನೂ ಒಮ್ಮೆ ಓದಿಕೊಂಡಳು.

ಎರಡು ದಿನ ಕಳೆಯುವಷ್ಟರಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಶ್ರಾವಣದ ಮೊದಲ ಶುಕ್ರವಾರದಿಂದ ಅತ್ತೆ ಸೊಸೆಯನ್ನು ಅಮ್ಮನ ವ್ರತಕ್ಕೆ ಕೂರಿಸುತ್ತಿದ್ದಾಳೆ, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಊರ ಗಡಿ ದಾಟುವ ಹಾಗಿಲ್ಲ, ಮಾತ್ರೆ ಸೂಜಿ ಏನೂ ಕೂಡದು ಎಂದು ಗುಡಿಯ ತಮ್ಮಡಿ ಹೇಳಿದ್ದಾರೆ ಎಂದಳು. ಇಂಥ ಫೋನು ನನಗೆ ಹೊಸದಲ್ಲ. ಆದರೆ ಈ ಸಲ ನಾನು ಸೋಲಲು ತಯಾರಿರಲಿಲ್ಲ. ದೇವರನ್ನು ಬಿಟ್ಟು ಮಾತ್ರೆಗೆ ಬನ್ನಿ ಎಂದು ಜಗಳವಾಡಿ ಎಷ್ಟೋ ರೋಗಿಗಳನ್ನು ಕಳೆದುಕೊಂಡಿದ್ದೆವು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗುಡಿಯೂ ಇರಲಿ, ಮಾತ್ರೆಯೂ ಇರಲಿ ಎಂದು ನಾನೇ ತಮ್ಮಡಿಯ ಹತ್ತಿರ ಹೋದೆ.

ತಮ್ಮಡಿ ಎಂದರೆ ನೀವು ಅಂದುಕೊಳ್ಳುವ ಹಾಗೆ ಕೆಂಗಣ್ಣಿನ ಮಂತ್ರವಾದಿಯಲ್ಲ. ಬಡಕಲು ಮನುಷ್ಯ, ಎರಡು ಹಸು ಕಟ್ಟಿಕೊಂಡಿದ್ದರು, ಡೈರಿಗೆ ಹಾಲು ಹಾಕಿ ಬಂದು ಪೂಜೆ ಮಾಡುತ್ತಿದ್ದರು. ತಮಗೇ ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ಳುತ್ತೇನೆ ಎಂದು ನಕ್ಕರು. ಆದರೆ ವ್ರತದ ಮಾತು ತಮ್ಮದಲ್ಲ, ಅಮ್ಮನದು, ಅಮ್ಮನನ್ನೇ ಕೇಳೋಣ ಎಂದರು. ಕೇಳಿ ಎಂದೆ. ಹೂ ಬಲಕ್ಕೆ ಬಿದ್ದದ್ದು ಆಗ.

ಅಲ್ಲಿಂದ ಮುಂದಕ್ಕೆ ಒಪ್ಪಂದ ಸಲೀಸಾಗಿ ನಡೆಯಿತು. ಮಾತ್ರೆಯ ಡಬ್ಬಿ ಅಮ್ಮನ ಪಾದದ ಬಳಿ ಇರುತ್ತದೆ. ಬೆಳಗ್ಗೆ ಸಂಜೆ ಟೈಲರಮ್ಮ ಮಡಿಯಲ್ಲಿ ಗುಡಿಗೆ ಬಂದರೆ ತಮ್ಮಡಿ ತೀರ್ಥದ ಜೊತೆ ಮಾತ್ರೆ ಕೊಡುತ್ತಾರೆ. ಅದಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ, ವ್ರತ ಮುಗಿಯುವ ತನಕ ಮೈಯಿಂದ ರಕ್ತ ತೆಗೆಯಬಾರದು. ಎರಡನೇ ರಕ್ತಪರೀಕ್ಷೆ ಒಂದು ತಿಂಗಳಿಗೆ ಆಗಬೇಕಿತ್ತು. ಹದಿನೆಂಟು ದಿನ ತಡ. ನಾನು ಒಪ್ಪಿಕೊಂಡೆ. ಡಾಕ್ಟರು ಹುಬ್ಬು ಗಂಟಿಕ್ಕಿದರು, ಮೊದಲ ವರದಿ ಚೆನ್ನಾಗಿದೆ ಎಂದು ಅವರ ಮುಂದೆ ನಾನೇ ವಕಾಲತ್ತು ವಹಿಸಿದೆ.

ಗುಡಿಯ ಜಗುಲಿಯಲ್ಲಿ ಅತ್ತೆ, ಗಂಡ, ಟೈಲರಮ್ಮ ಮೂವರನ್ನೂ ಕೂರಿಸಿಕೊಂಡು ನಾನು ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ನಿಮ್ಮ ವ್ರತಕ್ಕೆ ನಾವು ಅಡ್ಡ ಬರಲ್ಲ ಅಮ್ಮ. ಅದರಲ್ಲಿ ಏನೇನು ನಿಯಮ ಇದೆಯೋ ಎಲ್ಲ ಪೂರ್ತಿಯಾಗಿ ಮಾಡಿ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ."

ನಿಯಮ ಏನೇನು ಎಂದು ನಾನು ಕೇಳಲಿಲ್ಲ. ಅಂದು ಪಟ್ಟಣದ ಹುಡುಗಿಯೊಬ್ಬಳು ನನ್ನ ಜಾಗದಲ್ಲಿದ್ದಿದ್ದರೆ ಕುತೂಹಲಕ್ಕಾದರೂ ಕೇಳುತ್ತಿದ್ದಳು. ನಾನು ಕೆ.ಆರ್. ನಗರದ ಹಳ್ಳಿಯವಳು. ನಮ್ಮವ್ವ ಇವತ್ತಿಗೂ ಶನಿವಾರ ಸಪ್ಪೆ ಉಣ್ಣುತ್ತಾಳೆ. ವ್ರತ ಎಂದರೆ ನನಗೆ ಗೊತ್ತಿರುವುದೇ ಅನ್ನಿಸಿತು. ಗೊತ್ತಿದೆ ಎಂದುಕೊಂಡದ್ದನ್ನು ಯಾರು ತಾನೇ ಕೇಳುತ್ತಾರೆ?

ಮೊದಲ ಮೂರು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ನನ್ನ ರಿಜಿಸ್ಟರಿನ ನೂರಾರು ಹೆಸರಿನಲ್ಲಿ ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿದವಳು ಅವಳೊಬ್ಬಳೇ. ಆಶಾ ಪ್ರತಿ ವಾರ ಡಬ್ಬಿ ಎಣಿಸಿ ಫೋನು ಮಾಡುತ್ತಿದ್ದಳು. ಲೆಕ್ಕ ಸರಿಯಾಗಿರುತ್ತಿತ್ತು. ಎರಡನೇ ವಾರ ನಾನೇ ಹೋಗಿ ನೋಡಿದೆ. ಟೈಲರಮ್ಮ ಮಿಷನ್ನಿನ ಮುಂದೆ ಕೂತು ಮಗಳ ಯೂನಿಫಾರಂ ಅಂಚು ಹೊಲಿಯುತ್ತಿದ್ದಳು. ಹೊಲಿಗೆ ನೂಲು ಹಿಡಿದ ಹಾಗೆ ನೇರ. ನನಗೆ ತೋರಿಸಿ ನಕ್ಕಳು. ಮೈಸೂರಿನಲ್ಲಿ ನಮ್ಮ ಸಂಸ್ಥೆಯ ತಿಂಗಳ ಸಭೆಯಲ್ಲಿ ನಾನು ಎದ್ದುನಿಂತು ಈ ಕೇಸಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದೆ. ಜನರ ನಂಬಿಕೆಯೊಳಗಿಂದಲೇ ಚಿಕಿತ್ಸೆ ಎಂದೆ. ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಹೊಗೆಸೊಪ್ಪಿನ ಕೆಲಸ ಜೋರಾಯಿತು. ವ್ರತದಲ್ಲಿದ್ದರೂ ಹಗಲು ಹೊತ್ತು ಅವಳು ಬ್ಯಾರನ್ನಿನ ಮುಂದೆ ಸೊಪ್ಪು ಕಟ್ಟಲು ಕೂರುತ್ತಿದ್ದಳು. ಬೆವರು ಸುರಿಯುವ ಜಾಗ ಅದು. ಬ್ಯಾರನ್ನಿನ ಗೋಡೆಯಲ್ಲಿ ಗಾಜಿನ ಕಿಂಡಿಯೊಂದಿರುತ್ತದೆ, ಒಳಗೆ ಥರ್ಮಾಮೀಟರು ತೂಗುತ್ತಿರುತ್ತದೆ. ಸೊಪ್ಪು ಕಪ್ಪಾಗಬಾರದೆಂದು ದಿನಕ್ಕೆ ಹತ್ತಾರು ಸಲ ಅದನ್ನು ನೋಡುತ್ತಾರೆ. ಅವಳ ರಕ್ತವನ್ನು ಆ ನಲವತ್ತು ದಿನ ಯಾರೂ ನೋಡಲಿಲ್ಲ.

ವ್ರತದ ಮೂವತ್ತೆರಡನೇ ದಿನ ಆಶಾ ಫೋನು ಮಾಡಿದಳು. ನಾವು ಆಗ ಕೆ.ಆರ್. ನಗರದ ದಾರಿಯಲ್ಲಿ ಜೀಪು ನಿಲ್ಲಿಸಿ ಟೀ ಕುಡಿಯುತ್ತಿದ್ದೆವು.

"ಟೈಲರಮ್ಮಂಗೆ ಕೈ ನಡುಗ್ತಾ ಅದೆ ಮೇಡಂ. ಅಮ್ಮ ಮೈಮ್ಯಾಲೆ ತುಂಬ್ಕತಾವ್ಳೆ ಅಂತ ಎಲ್ರೂ ಬಂದು ನೋಡ್ಕಂಡು ಓಗ್ತಾವ್ರೆ."

ಲಿಥಿಯಂ ತಗೊಳ್ಳುವವರಿಗೆ ಬೆರಳ ತುದಿಯಲ್ಲಿ ಸಣ್ಣ ನಡುಕ ಬರುವುದು ಮಾಮೂಲು. ಮಿತಿ ಮೀರಿದರೆ ಕೈ ಪೂರ್ತಿ ಒದರುತ್ತದೆ. ಯಾವ ನಡುಕ ಎಂದು ಕೇಳಬೇಕಿತ್ತು. ಕೇಳಿದೆ ಕೂಡ. ಅವಳು ಸಣ್ಣಗೆ ಮೇಡಂ ಎಂದಳು. ಆ ದಿನ ಸಣ್ಣಗೇ ಇದ್ದಿರಬಹುದು. ಬುಧವಾರ ನೋಡೋಣ ಎಂದೆ. ಆ ಬುಧವಾರ ಗೌರಿ ಗಣೇಶನ ರಜೆ ಅಡ್ಡ ಬಂತು, ಕ್ಲಿನಿಕ್ ನಡೆಯಲಿಲ್ಲ. ಮುಂದಿನ ಬುಧವಾರ ಎರಡು ವಾರದ ರೋಗಿಗಳು ಒಟ್ಟಿಗೆ ಬಂದು ಆ ಊರಿನ ಕಡೆ ಹೋಗಲಾಗಲಿಲ್ಲ. ಅಮ್ಮ ಮೈಮೇಲೆ ಬರುತ್ತಿದ್ದಾಳೆ ಎಂಬ ಮಾತು ಕೇಳಿಯೂ ನಾನು ಗಾಬರಿಯಾಗದಿರಲು ಇನ್ನೊಂದು ಕಾರಣವಿತ್ತು, ಅದನ್ನೂ ಹೇಳಬೇಕು. ಇಂಥ ಮಾತಿಗೆ ಹೌಹಾರಬಾರದು, ಜನರ ನಂಬಿಕೆಯನ್ನು ರೋಗ ಎನ್ನಬಾರದು ಎಂದು ಆ ಸಭೆಯಲ್ಲಿ ಭಾಷಣ ಮಾಡಿದವಳು ನಾನೇ. ನನ್ನ ಭಾಷಣವನ್ನು ನಾನೇ ನಂಬಿದ್ದೆ.

ನಲವತ್ತೆರಡನೇ ದಿನ ಬೆಳಗ್ಗೆ ಹತ್ತೂವರೆಗೆ ಆ ಮನೆಗೆ ಹೋದೆ. ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಕೂತಿದ್ದರು. ಟೈಲರಮ್ಮ ಗೋಡೆಗೆ ಒರಗಿದ್ದಳು. ಎರಡು ಕೈಯೂ ಮೊಣಕೈವರೆಗೆ ಒದರುತ್ತಿದ್ದವು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಹೆಸರು ಹಿಡಿದು ಕರೆದೆ. ನಾಲಗೆ ಹೊರಳದೆ ಏನೋ ತೊದಲಿದಳು. ಎಬ್ಬಿಸಿ ನಡೆಸಲು ನೋಡಿದರೆ ಹೆಂಡ ಕುಡಿದವರ ಹಾಗೆ ಕಾಲು ಅಗಲಕ್ಕೆ ಹೋಯಿತು. ಎರಡು ದಿನದಿಂದ ಭೇದಿಯಾಗುತ್ತಿದೆ, ವಾಂತಿಯೂ ಇದೆ ಎಂದರು. ಅದನ್ನೂ ಅಮ್ಮ ಒಳಗಿನ ಕೊಳೆ ತೆಗೆಯುತ್ತಿದ್ದಾಳೆ ಎಂದುಕೊಂಡಿದ್ದರು. ಕಾರ್ಡಿನ ಸಾಲುಗಳು ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು. ಕೊನೆಯ ಸಾಲಿಗೆ ಬಂದು ನಿಂತೆ.

ಊಟ ಏನು ಕೊಡುತ್ತಿದ್ದೀರಿ ಎಂದು ಅತ್ತೆಯನ್ನು ಕೇಳಿದೆ. ಆಕೆ ಅಭಿಮಾನದಿಂದಲೇ ಹೇಳಿದಳು.

"ಮೊದಲ್ನೇ ಸುಕ್ರವಾರದಿಂದ ಒಂದು ಅಳ್ಳು ಉಪ್ಪ ನಾಲ್ಗೆಗೆ ಸೋಕ್ಸಿಲ್ಲ ಕಣವ್ವ. ನಾನೂ ಇವಳ ಜೊತ್ಗೆ ಬುಟ್ಟಿವ್ನಿ. ಇವಳೊಬ್ಳೇ ಸಪ್ಪೆ ಉಂಡ್ರೆ ಬ್ಯಾಸರ ಮಾಡ್ಕತಾಳೆ ಅಂತ."

ಲಿಥಿಯಂ ಕೂಡ ಒಂದು ಬಗೆಯ ಉಪ್ಪೇ. ಮೈಯಲ್ಲಿ ತಿನ್ನುವ ಉಪ್ಪು ಇಲ್ಲದಾಗ ಮೂತ್ರಪಿಂಡ ಇದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಬೆವರಿದಷ್ಟೂ, ಭೇದಿಯಾದಷ್ಟೂ ಒಳಗೆ ಉಳಿಯುವುದು ಹೆಚ್ಚು. ಬೇರೆಯವರ ಹಾಗೆ ಅವಳೂ ನಾಲ್ಕು ಹೊತ್ತು ಮಾತ್ರೆ ಮರೆತಿದ್ದರೆ ಇಷ್ಟಾಗುತ್ತಿರಲಿಲ್ಲ. ನಮ್ಮ ತಮ್ಮಡಿ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಅವತ್ತು ಬೆಳಗ್ಗೆಯೂ ಕೊಟ್ಟಿದ್ದರು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ, ಇಲ್ಲಿ ಉಪ್ಪು ಬಿಟ್ಟವಳು ಕುಡಿಯುತ್ತಿದ್ದಳು.

ಡಾಕ್ಟರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳುವ ಮೊದಲೇ, ಮಾತ್ರೆ ನಿಲ್ಲಿಸಿ ಈ ಕ್ಷಣ ಹೊರಡಿ, ಮೈಸೂರಿಗೇ ಹೋಗಬೇಕು, ಡಯಾಲಿಸಿಸ್ ಬೇಕಾಗಬಹುದು ಎಂದರು. ನನ್ನ ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇತ್ತು. ಮೊದಲು ಅದನ್ನಾದರೂ ಕುಡಿಸೋಣ ಎಂದು ಲೋಟಕ್ಕೆ ಸುರಿಯಹೋದಾಗ ಅತ್ತೆ ನನ್ನ ಮುಂಗೈ ಹಿಡಿದಳು.

"ಆ ಪೊಟ್ಟಣದಾಗೂ ಉಪ್ಪದೆ ಅಲ್ವಾ ತಾಯಿ?"

ಇಲ್ಲ, ಬರೀ ಗ್ಲೂಕೋಸು ಎನ್ನಬಹುದಿತ್ತು. ಸುಳ್ಳು ಹೇಳದೆ ನಂಬಿಕೆ ಗಳಿಸಿದ್ದೇವೆ ಎಂಬ ಜಂಬ ನನ್ನದು. ಇದೆ ಎಂದೆ. ಆಕೆ ಲೋಟವನ್ನು ಮೆಲ್ಲಗೆ ಆಚೆ ಸರಿಸಿದಳು. ಇನ್ನು ಆರೇ ದಿನ ಕಣವ್ವ, ಇಷ್ಟು ದಿನ ಮಾಡಿದ್ದನ್ನು ಕೆಡಿಸಬೇಡಿ ಎಂದು ಬೇಡಿಕೊಂಡಳು. ಆ ಒಂದು ನಿಜವನ್ನು ಹೇಳಿದ್ದಕ್ಕಾಗಿ ನಾನು ಪಟ್ಟಷ್ಟು ಪಶ್ಚಾತ್ತಾಪವನ್ನು ಯಾವ ಸುಳ್ಳಿಗೂ ಪಟ್ಟಿಲ್ಲ.

ಗಂಡ ಬ್ಯಾರನ್ನಿನಿಂದ ಓಡಿ ಬಂದ. ಅಂದು ಕಾವು ಏರಿಸುವ ದಿನ, ಬಿಟ್ಟು ಬರುವ ಹಾಗಿರಲಿಲ್ಲ. ಬಂದು ನಿಂತ ಕಾಲ ಮೇಲೇ ಅವ್ವ ಹೇಳಿದಂತೆ ಎಂದ. ಅವ್ವ ತಮ್ಮಡಿ ಹೇಳಿದಂತೆ ಎಂದಳು. ಗುಡಿಗೆ ಹೋದೆ. ತಮ್ಮಡಿಯವರಿಗೆ ನಡೆದದ್ದನ್ನೆಲ್ಲ ಹೇಳಿ, ಈ ಮಾತ್ರೆ ಈಗ ವಿಷವಾಗಿದೆ, ಕೊಡಬೇಡಿ, ಅವಳನ್ನು ಗಡಿ ದಾಟಿಸಲು ಅಪ್ಪಣೆ ಕೊಡಿ ಎಂದೆ. ಅವರ ಮುಖ ಸಣ್ಣದಾಯಿತು. ಹೆದರಿದ್ದರು.

"ಅಪ್ಣೆ ಕೊಡಾಕೆ ನಾನ್ಯಾರು ಮೇಡಂ? ಅವತ್ತು ನೀವೇ ಕೇಳ್ಸಿದ್ರಿ, ಅಮ್ಮ ಬಲಕ್ಕೆ ಕೊಟ್ಳು. ಇವತ್ತೂ ಕೇಳ್ತೀನಿ. ಏನು ಕೊಡ್ತಾಳೋ ಅದು."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೂವಿಗೆ ಅಷ್ಟು ಬೆಲೆ ಕೊಟ್ಟವಳು ನಾನೇ. ಅವತ್ತು ಗೆದ್ದಾಗ ಒಪ್ಪಿಕೊಂಡು ಇವತ್ತು ಅದೆಲ್ಲ ಬರೀ ಹೂವು ಎಂದರೆ ಕೇಳುವವರು ಯಾರು? ಅವರು ಮತ್ತೆ ಸ್ನಾನ ಮಾಡಿ ಬಂದು ಹೂ ಅಂಟಿಸಿದರು. ಎಡದ್ದು ಬಿತ್ತು, ಅಪ್ಪಣೆಯಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು ಸಲ ಕೇಳಬಹುದು ಎಂದರು. ಮಾತ್ರೆಯ ಡಬ್ಬಿಯನ್ನು ಮಾತ್ರ ತಾವಾಗಿಯೇ ಎತ್ತಿ ನನ್ನ ಕೈಗೆ ಕೊಟ್ಟರು. ಅಷ್ಟು ಅವರು ಮಾಡಿದರು.

ಗುಡಿಯ ಮುಂದಿನ ಬೇವಿನ ಮರದಡಿ ನಿಂತು ನಾನು ಯೋಚಿಸಿದೆ. ಜೀಪಿತ್ತು, ಡ್ರೈವರಿದ್ದ. ಆಂಬುಲೆನ್ಸು ಕರೆಸಬಹುದಿತ್ತು, ಪೊಲೀಸರಿಗೆ ಹೇಳಬಹುದಿತ್ತು. ಇವತ್ತು ಅವಳನ್ನು ಎತ್ತಿಕೊಂಡು ಹೋದರೆ ನಾಳೆಯಿಂದ ತನಗೆ ಈ ಊರಿನಲ್ಲಿ ಒಬ್ಬರೂ ಬಾಗಿಲು ತೆಗೆಯುವುದಿಲ್ಲ ಎಂದು ಆಶಾ ಅಳುತ್ತಾ ಹೇಳಿದಳು. ಆ ಊರಿನಲ್ಲೇ ನನ್ನ ಇನ್ನೂ ಒಂಬತ್ತು ರೋಗಿಗಳಿದ್ದರು. ಒಬ್ಬ ಮೂರ್ಛೆರೋಗದ ಹುಡುಗಿ, ಹತ್ತು ವರ್ಷ ಕೋಣೆಯಲ್ಲಿ ಕೂಡಿಹಾಕಿದ್ದು ಈಗಷ್ಟೇ ಹೊರಗೆ ಬಂದ ಒಬ್ಬ ಗಂಡಸು. ಅವರನ್ನೆಲ್ಲ ತಕ್ಕಡಿಯ ಒಂದು ಕಡೆ ಹಾಕಿದೆ. ಇನ್ನೊಂದು ಕಡೆ ಅವಳೊಬ್ಬಳು. ಸಂಜೆವರೆಗೆ ಕಾಯೋಣ ಎಂದು ತೀರ್ಮಾನಿಸಿದೆ. ಅದು ನನ್ನ ತೀರ್ಮಾನ, ಬೇರೆ ಯಾರದೂ ಅಲ್ಲ. ಡಾಕ್ಟರಿಗೆ ಫೋನಿನಲ್ಲಿ ಮನೆಯವರು ಒಪ್ಪುತ್ತಿಲ್ಲ ಎಂದಷ್ಟೇ ಹೇಳಿದೆ.

ಸಂಜೆ ಎರಡು ಹೂವೂ ಬೀಳಲಿಲ್ಲ. ಹಾಗಾದರೆ ಅಮ್ಮನಿಗೆ ಇನ್ನೂ ಮನಸ್ಸಿಲ್ಲ, ಬೆಳಗ್ಗೆ ನೋಡೋಣ ಎಂದರು ತಮ್ಮಡಿ. ಸಪ್ಪೆ ಗಂಜಿಯ ತಿಳಿ ಎರಡು ಲೋಟ ಕುಡಿಸಿದ್ದೆ, ಅರ್ಧ ಕಕ್ಕಿದ್ದಳು. ಬೆಳಗ್ಗೆ ಆರಕ್ಕೆಲ್ಲ ಬರುತ್ತೇನೆ ಎಂದು ಹೇಳಿ ಜೀಪು ಹತ್ತಿದೆ.

ಐದಕ್ಕೇ ಆಶಾಳ ಫೋನು ಬಂತು. ಫಿಟ್ಸು ಬಂದಿತ್ತು. ಹೂವನ್ನಾಗಲಿ ತಮ್ಮಡಿಯನ್ನಾಗಲಿ ಅವ್ವನನ್ನಾಗಲಿ ಕೇಳದೆ ಗಂಡ ಉರಿಯುವ ಬ್ಯಾರನ್ನನ್ನು ಹಾಗೇ ಬಿಟ್ಟು, ಹೆಂಡತಿಯನ್ನು ಸೊಪ್ಪು ಸಾಗಿಸುವ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಮೈಸೂರಿಗೆ ಹೊರಟಿದ್ದ. ನಾನು ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೆ ಮಾಡಿದ್ದು ಅವನು. ಅವಳ ರಕ್ತದ ವರದಿಯಲ್ಲಿ ಲಿಥಿಯಂ ಇರಬೇಕಾದ ಮಿತಿಯ ಮೂರುಪಟ್ಟು ದಾಟಿತ್ತು. ಎರಡು ಸಲ ಡಯಾಲಿಸಿಸ್ ಆಯಿತು. ಜೀವ ಉಳಿಯಿತು. ಹಿಂದಿನ ದಿನವೇ ಬಂದಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಅಲ್ಲಿನ ನರರೋಗದ ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಸಿಸ್ಟರ್ ಎಂದರು. ಅವರು ಒಳ್ಳೆಯವರು.

ರಕ್ತ ಶುದ್ಧವಾದರೂ ನಡುಕ ಹೋಗಲಿಲ್ಲ. ಹಿಮ್ಮೆದುಳಿಗೆ ಪೆಟ್ಟಾಗಿತ್ತು. ನಡಿಗೆ, ಮಾತು, ಕೈಯ ಹಿಡಿತ ಮೂರೂ ಹಾಳಾಗಿದ್ದವು. ಆರು ತಿಂಗಳು ಕಾದರೆ ಅಷ್ಟೋ ಇಷ್ಟೋ ಸುಧಾರಿಸಬಹುದು ಎಂದರು. ನಾನು ಪ್ರತಿ ವಾರ ಹೋಗಿ ವ್ಯಾಯಾಮ ಮಾಡಿಸಿದೆ. ಕಾಳು ಹೆಕ್ಕಿಸಿದೆ, ಗುಂಡಿ ಹಾಕಿಸಿದೆ, ದಪ್ಪ ಸೂಜಿಗೆ ದಾರ ಪೋಣಿಸಲು ಕೊಟ್ಟೆ. ಸೂಜಿ ಒಂದು ಕಡೆ, ದಾರ ಒಂದು ಕಡೆ ಹೋಗುತ್ತಿತ್ತು. ಆರು ತಿಂಗಳಾದ ಮೇಲೂ ಹಾಗೇ ಇತ್ತು.

ಈ ನಡುವೆ ಅವಳ ಮೂಲ ಕಾಯಿಲೆಗೆ ಡಾಕ್ಟರು ಬೇರೆ ಮದ್ದು ಬರೆದುಕೊಟ್ಟರು. ಇದಕ್ಕೂ ಉಪ್ಪಿಗೂ ಸಂಬಂಧವಿಲ್ಲ ಎಂದು ನೂರು ಸಲ ಹೇಳಿದೆ. ಮನೆಯವರು ಮುಟ್ಟಲಿಲ್ಲ. ಮತ್ತೆ ಹೊಸ ವಿವರಣೆಗಳು ಹುಟ್ಟಿಕೊಂಡಿದ್ದವು. ಮಂಡಲ ಮುಗಿಯಲು ಐದು ದಿನವಿದ್ದಾಗ ಗಡಿ ದಾಟಿಸಿದ್ದಕ್ಕೆ ಅಮ್ಮ ಮುನಿದಳು ಎಂದರು ಕೆಲವರು. ಮಾತ್ರೆಯೇ ತಿಂದುಹಾಕಿತು ಎಂದರು ಉಳಿದವರು. ಆಮೇಲೆ ತಮ್ಮಡಿ ತಮ್ಮ ಸಕ್ಕರೆ ಮಾತ್ರೆಯನ್ನೂ ಬಿಟ್ಟರು ಎಂದು ಆಶಾ ಹೇಳಿದಳು. ಆ ಊರಿನ ನನ್ನ ಒಂಬತ್ತು ಜನರಲ್ಲಿ ಈಗ ಕ್ಲಿನಿಕ್ಕಿಗೆ ಬರುವವರು ಒಬ್ಬರೂ ಇಲ್ಲ. ಯಾರನ್ನು ಕಳೆದುಕೊಳ್ಳಬಾರದೆಂದು ಬೇವಿನ ಮರದಡಿ ಕಾದೆನೋ ಅವರೂ ಹೋದರು.

ಕೊನೆಯ ಸಲ ಹೋದದ್ದು ಯುಗಾದಿಗೆ ಮುಂಚಿನ ವಾರ. ಬರುವ ಭಾನುವಾರ ಅಣ್ಣಂದಿರು ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಅಂದು ತಿಳಿಯಿತು. ಪಂಚಾಯ್ತಿಯ ಮಾತು ನಡೆಯಬೇಕಲ್ಲ. ಮಗಳು ಶಾಲೆಗೆ ಹೋಗಿದ್ದಳು. ಮಿಷನ್ನಿಗೆ ಹಳೇ ಸೀರೆ ಹೊದಿಸಿ ಕಟ್ಟಿದ್ದರು. ಅತ್ತೆ ನನಗೆ ಕಾಫಿ ಕೊಟ್ಟು ಎದುರಿಗೆ ಕೂತಳು. ಆರು ತಿಂಗಳಿಂದ ಒಳಗಿಟ್ಟುಕೊಂಡಿದ್ದ ಮಾತನ್ನು ಇವತ್ತಾದರೂ ಹೇಳಬೇಕೆಂದು ಹೋಗಿದ್ದೆ. ಉಪ್ಪಿನ ವಿಷಯ ಹೇಳಿದೆ. ಸಪ್ಪೆ ಊಟಕ್ಕೂ ಆ ಮಾತ್ರೆಗೂ ಕೂಡಿಬರದೆ ಹೀಗಾಯಿತು, ಅದನ್ನು ಕೇಳಿ ತಿಳಿದುಕೊಳ್ಳದಿದ್ದದ್ದು ನನ್ನ ತಪ್ಪು ಎಂದೆ.

ಆಕೆ ತನ್ನ ಎರಡು ಕೈಯನ್ನೂ ಮುಂದೆ ಚಾಚಿ ನೋಡಿಕೊಂಡಳು.

"ನಾನೂ ಅದೇ ಸಪ್ಪೆ ಉಂಡೆ ತಾಯಿ. ನಂಗೇನಾಯ್ತು? ಉಣ್ಣಕ್ಕಿಕ್ಕಿದ್ದು ನನ್ ಕೈ. ನನ್ ಕೈಯ್ಯಾರೆ ನಾನು ಇವಳಿಗೆ ಇಂಗೆ ಮಾಡುದ್ನಾ?"

ಅವಳ ಕಣ್ಣು ನೋಡಿ ನನ್ನ ಕೈಯಲ್ಲಾಗಲಿಲ್ಲ. ಇಲ್ಲ ಅಮ್ಮ, ಮಾತ್ರೆಯಿಂದಲೇ ಆಯಿತು ಎಂದುಬಿಟ್ಟೆ. ಅವಳ ಎದೆಯ ಭಾರ ಇಳಿದದ್ದು ಮುಖದಲ್ಲಿ ಕಂಡಿತು. ಟೈಲರಮ್ಮ ಇನ್ನು ಯಾವ ಮಾತ್ರೆಯನ್ನೂ ಎಂದೂ ನುಂಗದ ಹಾಗೆ ಬಾಗಿಲು ಹಾಕಿದವಳೂ ನಾನೇ ಆದೆ. ಓಆರ್‌ಎಸ್ ಕುಡಿಸಹೋದ ದಿನ ಹೇಳದೆ ಉಳಿಸಿಕೊಂಡಿದ್ದ ಸುಳ್ಳು ಇವತ್ತು ಖರ್ಚಾಯಿತು.

ಟೈಲರಮ್ಮ ಗೋಡೆ ಹಿಡಿದುಕೊಂಡು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. ಅವಳ ಮಾತು ಈಗ ಒಂದೊಂದು ಪದವನ್ನೂ ಎಳೆದು ತಂದು ಇಟ್ಟ ಹಾಗಿರುತ್ತದೆ. ಅತ್ತೆ ಒಳಗೆ ಹೋದದ್ದನ್ನು ತಿರುಗಿ ನೋಡಿಕೊಂಡು ಹೇಳಿದಳು.

"ಕಾರ್ಡ್ನಾಗೆ ಉಪ್ಪು ಬುಡಬ್ಯಾಡಿ ಅಂತ ಇತ್ತಲ್ಲ ಮೇಡಂ. ನಂಗೆ ಗ್ಯಾಪ್ಕ ಇತ್ತು."

ನಾನು ನಿಂತೆ.

"ಕೇಳವ ಅನ್ಕಂಡೆ. ಆದ್ರೆ ಗುಡಿ ಜಗುಲೀಲಿ ನೀವೇ ಅಂದ್ರಲ್ಲ, ನಿಯಮ ಎಲ್ಲಾ ಪೂರ್ತಿ ಮಾಡಿ ಅಂತ. ನಿಮ್ಗೆ ಗೊತ್ತಿರ್ತದೆ ಅಂತ ಸುಮ್ಕಾದೆ."

ಡ್ರೈವರು ಜೀಪು ತಿರುಗಿಸಿಕೊಂಡು ಬಂದ. ಹತ್ತಿ ಕೂತು ಹಿಂದಿರುಗಿ ನೋಡಿದಾಗ ಅವಳು ಬಾಗಿಲ ಕಂಬವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದಳು. ಕೈ ಬೀಸಲು ಕಂಬ ಬಿಟ್ಟರೆ ಬೀಳುತ್ತಾಳೆ. ತಲೆಯಾಡಿಸಿದಳು.